ಐದು ಗೆರೆಗಳ ಮೇಲೆ ನಾದದ ನೇಯ್ಗೆ

ಮುಧೋಳದ ಮಣ್ಣಿನಲ್ಲಿ ಹುಟ್ಟಿದ ರನ್ನ ಕವಿಯು ‘ಅಜಿತಪುರಾಣ’ವನ್ನು ರಚಿಸಿದ್ದು ಕ್ರಿ.ಶ. 993ರಲ್ಲಿ. ಸಾವಿರ ವರ್ಷಗಳು ಉರುಳಿದ ಮೇಲೂ ಅವನ ಪದ್ಯಗಳನ್ನು ನಾವು ಓದಬಲ್ಲೆವು. ಆದರೆ ಅದೇ ಕಾಲದಲ್ಲಿ ಘಟಪ್ರಭೆಯ ದಂಡೆಯ ಮೇಲೆ ತಾಯಂದಿರು ಹಾಡಿದ ಜೋಗುಳದ ಧಾಟಿ ಯಾವುದು, ಬೀಸುವ ಪದದ ಏರಿಳಿತ ಹೇಗಿತ್ತು ಎಂದು ಕೇಳಿದರೆ ಉತ್ತರ ದೊರೆಯದು. ಮಾತು ಓಲೆಗರಿಯನ್ನು ಸೇರಿತು. ನಾದ ಗಾಳಿಯಲ್ಲಿ ಕರಗಿತು.

ರನ್ನನ ಕೀರ್ತಿ ಕನ್ನಡ ನಾಡಿನಲ್ಲಿ ಹರಡುತ್ತಿದ್ದ ಆ ದಿನಗಳಲ್ಲಿಯೇ ಇಟಲಿ ದೇಶದಲ್ಲಿ ಗ್ವೀದೋ ಎಂಬ ಬಾಲಕ ಬೆಳೆಯುತ್ತಿದ್ದನು. ಮುಂದೆ ಬೆನೆಡಿಕ್ಟೀನ್ ಸನ್ಯಾಸಿಯಾಗಿ, ಅರೆಟ್ಸೊ ಪಟ್ಟಣದಲ್ಲಿ ದೇವಾಲಯದ ಗಾಯಕರಿಗೆ ಗುರುವಾದ ಆತನು ಕಂಡ ಕಷ್ಟವೂ ಇದೇ. ಕೀರ್ತನೆಗಳನ್ನು ಕೇಳಿ ಕೇಳಿ ಕಂಠಪಾಠ ಮಾಡುವುದರಲ್ಲಿಯೇ ಗಾಯಕರ ವರ್ಷಗಳು ಸವೆಯುತ್ತಿದ್ದವು. ಗುರುವಿಲ್ಲದಿದ್ದರೆ ಒಂದು ಹೊಸ ಹಾಡೂ ಬಾರದು. ಸುಮಾರು 1025ರ ಹೊತ್ತಿಗೆ ಗ್ವೀದೋ ಹಿಂದಿನವರ ಅಸ್ಪಷ್ಟ ಗುರುತುಗಳನ್ನು ಗೆರೆಗಳ ಮೇಲೂ ಗೆರೆಗಳ ನಡುವೆಯೂ ಕ್ರಮವಾಗಿ ಕೂರಿಸಿ, ಪ್ರತಿ ಸ್ವರಕ್ಕೂ ಒಂದು ನಿಶ್ಚಿತ ಸ್ಥಾನವನ್ನು ಕೊಟ್ಟನು. ಸ್ನಾನಿಕ ಯೊವಾನ್ನರ ಸ್ತುತಿಗೀತೆಯೊಂದರ ಸಾಲುಗಳ ಮೊದಲ ಉಚ್ಚಾರಗಳಿಂದ ಉತ್, ರೆ, ಮಿ, ಫಾ, ಸೋಲ್, ಲಾ ಎಂಬ ಹೆಸರುಗಳನ್ನು ಆರಿಸಿಕೊಂಡನು. ಅಂದಿನ ಗೆರೆಗಳು ನಾಲ್ಕು. ಇಂದು ಪಿಯಾನೋ ಕಲಿಯುವ ಮಗುವಿನ ಮುಂದಿರುವ ಗೆರೆಗಳು ಐದು.

ಈ ಹಳೆಯ ಸಂಗತಿಯನ್ನು ಇಲ್ಲಿ ನೆನೆಯಲು ಕಾರಣವುಂಟು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಂಥ ನಮ್ಮ ಊರುಗಳಲ್ಲಿ ಪಿಯಾನೋ ಇರುವ ಮನೆ ಅಪರೂಪ. ಆದರೆ ಅದೇ ಮಣೆಗಳುಳ್ಳ ವಿದ್ಯುತ್ ಕೀಬೋರ್ಡು ಮನೆಗೂ ಶಾಲೆಗೂ ಪ್ರಾರ್ಥನಾಲಯಕ್ಕೂ ಬಂದಿದೆ. ಮಕ್ಕಳು ಬೆರಳು ನೋಡಿ ಬೆರಳು ಇಟ್ಟು ವಾರದೊಳಗೆ ಒಂದು ಹಾಡನ್ನು ನುಡಿಸಿಬಿಡುತ್ತಾರೆ. ಐದು ಗೆರೆಗಳ ಪುಸ್ತಕ ಎದುರಿಗೆ ಬಂದೊಡನೆ ಮಾತ್ರ ಆ ಉತ್ಸಾಹ ಕುಗ್ಗುತ್ತದೆ. ‘ನನಗಿದು ಒಲಿಯದ ವಿದ್ಯೆ’ ಎಂದು ಮೊದಲ ಕೆಲವು ತಿಂಗಳುಗಳಲ್ಲಿಯೇ ಕೈಬಿಡುವವರು ಹಲವರು. ಒಲಿಯದಿರುವುದು ವಿದ್ಯೆಯಲ್ಲ, ಬಹುಮಟ್ಟಿಗೆ ಓದುವ ಬಗೆಯಲ್ಲಿಯೇ ತೊಡಕಿದೆ.

ಹೆಸರಲ್ಲ, ಅಂತರ

ಹೊಸಬರು ಸಾಮಾನ್ಯವಾಗಿ ಪ್ರತಿಯೊಂದು ಚುಕ್ಕೆಗೂ ಹೆಸರು ಹುಡುಕುತ್ತಾರೆ. ಕೆಳಗಿನ ಗೆರೆಯಿಂದ ಎಣಿಸಿ, ಹೆಸರು ಹೇಳಿ, ಮಣೆಯನ್ನು ಹುಡುಕಿ, ಒತ್ತಿ, ಮತ್ತೆ ಮುಂದಿನ ಚುಕ್ಕೆಗೆ ಹೋಗುತ್ತಾರೆ. ಕೆಲವರು ಪುಸ್ತಕದ ತುಂಬ ಪೆನ್ಸಿಲಿನಿಂದ ಅಕ್ಷರಗಳನ್ನು ಬರೆದುಕೊಳ್ಳುತ್ತಾರೆ. ಆಗ ಕಣ್ಣು ಓದುವುದು ಅಕ್ಷರವನ್ನೇ ಹೊರತು ಚುಕ್ಕೆಯನ್ನಲ್ಲ. ‘ಕ’ಕ್ಕೆ ಕೊಂಬು ಕೊಟ್ಟರೆ ‘ಕು’ ಎಂದು ಕಾಗುಣಿತ ಹೇಳುತ್ತ ಯಾರೂ ಪತ್ರಿಕೆ ಓದುವುದಿಲ್ಲ. ಪದವನ್ನು ಒಟ್ಟಾಗಿ ಕಾಣುತ್ತೇವೆ. ಸಂಗೀತದ ಓದೂ ಅಂತೆಯೇ.

ಅರಿಸ್ಟಾಟಲನು ಪದಾರ್ಥಗಳನ್ನು ವಿಂಗಡಿಸುವಾಗ ‘ಸಂಬಂಧ’ವೆಂಬುದನ್ನು ಪ್ರತ್ಯೇಕವಾಗಿ ಎಣಿಸಿದನು. ‘ಅಣ್ಣ’ ಎಂಬುದು ಯಾರಿಗೆ ಅಣ್ಣನೆಂದು ತಿಳಿದಾಗಲಷ್ಟೇ ಅರ್ಥಪೂರ್ಣ. ಸ್ವರವೂ ಇನ್ನೊಂದು ಸ್ವರದ ಸಂಬಂಧದಿಂದಲೇ ಸಂಗೀತವಾಗುತ್ತದೆ. ಆದುದರಿಂದ ಮೂರೇ ಮೂರು ಗುರುತುಗಳನ್ನು ಗಟ್ಟಿಯಾಗಿ ನೆನಪಿಟ್ಟುಕೊಂಡರೆ ಸಾಕು. ಮೇಲಿನ ಐದು ಗೆರೆಗಳ ಆರಂಭದ ಸುರುಳಿ ಚಿಹ್ನೆ ಕೆಳಗಿನಿಂದ ಎರಡನೆಯ ಗೆರೆಯನ್ನು ಸುತ್ತಿಕೊಂಡಿರುತ್ತದೆ. ಅದು ‘ಜಿ’ ಸ್ವರದ ಮನೆ. ಕೆಳಗಿನ ಐದು ಗೆರೆಗಳ ಚಿಹ್ನೆಯ ಎರಡು ಚುಕ್ಕೆಗಳ ನಡುವೆ ನಾಲ್ಕನೆಯ ಗೆರೆ ಹಾಯುತ್ತದೆ. ಅದು ‘ಎಫ್’ ಸ್ವರದ ಮನೆ. ಇವೆರಡರ ನಡುವೆ, ತನ್ನದೇ ಪುಟ್ಟ ಗೆರೆಯ ಮೇಲೆ ನಡುವಿನ ‘ಸಿ’ ಇರುತ್ತದೆ. ಉಳಿದುದೆಲ್ಲ ಅಂತರ. ಗೆರೆಯಿಂದ ಪಕ್ಕದ ಸಂದಿಗೆ ಹೋದರೆ ಒಂದು ಹೆಜ್ಜೆ, ಪಕ್ಕದ ಮಣೆ. ಗೆರೆಯಿಂದ ಮುಂದಿನ ಗೆರೆಗೆ ಹೋದರೆ ನಡುವೆ ಒಂದು ಮಣೆ ಬಿಟ್ಟು ಮುಂದಿನದು, ಸ-ಗ ಎಂಬಂತೆ.

ಪೇಟಿ ಬಲ್ಲ ಮನೆಯ ಮಕ್ಕಳಿಗೆ ಇಲ್ಲಿ ಒಂದು ಅನುಕೂಲವೂ ಒಂದು ತೊಡಕೂ ಇವೆ. ಸರಿಗಮದಿಂದ ಅಂತರದ ಪರಿಚಯ ಕಿವಿಗೆ ಆಗಲೇ ಆಗಿರುತ್ತದೆ, ಇದು ಅನುಕೂಲ. ತೊಡಕೆಂದರೆ, ನಮ್ಮ ಷಡ್ಜ ಒಂದೇ ಕಡೆ ನೆಲೆಸಿದುದಲ್ಲ. ಹಾಡುವವರು ‘ಕಪ್ಪು 1’ ಎಂದರೆ ಅಲ್ಲಿ, ‘ಬಿಳಿ 4’ ಎಂದರೆ ಅಲ್ಲಿ. ಐದು ಗೆರೆಗಳ ಲಿಪಿಯಲ್ಲಾದರೋ ಒಂದೊಂದು ಮಣೆಗೂ ಸ್ಥಿರವಾದ ವಿಳಾಸವುಂಟು. ‘ಸ’ ಎಂಬುದು ‘ಅಣ್ಣ’ ಎಂಬಂಥ ಬಂಧುವಾಚಕ; ‘ಸಿ’ ಎಂಬುದು ಮನೆಯ ನಂಬರು. ಎರಡನ್ನೂ ಒಂದೇ ಎಂದು ಭ್ರಮಿಸದಿದ್ದರೆ ಎರಡೂ ಉಪಕಾರಿಯೇ.

ಮಗ್ಗ ಬಲ್ಲವರಿಗೆ ಹೊಸತಲ್ಲ

ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೆ ಈ ಲಿಪಿಯ ತತ್ತ್ವವನ್ನು ವಿವರಿಸುವುದು ಸುಲಭ. ಜಕಾರ್ಡ್ ಅಳವಡಿಸಿದ ಮಗ್ಗಕ್ಕೆ ಮೊದಲು ಚೌಕುಳಿ ಕಾಗದದ ಮೇಲೆ ವಿನ್ಯಾಸ ಸಿದ್ಧವಾಗಬೇಕು. ಒಂದೊಂದು ಚೌಕವೂ ಹಾಸು ಹೊಕ್ಕುಗಳು ಕೂಡುವ ಒಂದು ಸ್ಥಳ. ಅದನ್ನನುಸರಿಸಿ ರಟ್ಟಿನಲ್ಲಿ ರಂಧ್ರ ಬೀಳುತ್ತದೆ. ರಂಧ್ರವಿದ್ದಲ್ಲಿ ಎಳೆ ಮೇಲೇಳುತ್ತದೆ. ರಟ್ಟು ಸೀರೆಯಲ್ಲ, ಆದರೆ ರಟ್ಟಿಲ್ಲದೆ ಆ ಸೆರಗಿನ ಹೂವು ಮತ್ತೊಮ್ಮೆ ಅರಳದು. ಸ್ವರಲಿಪಿಯೂ ಹಾಗೆಯೇ. ಮೇಲೆ-ಕೆಳಗೆ ಸ್ವರದ ಏರಿಳಿತ. ಎಡದಿಂದ ಬಲಕ್ಕೆ ಕಾಲದ ನಡಿಗೆ. ಹೊಸಬರನ್ನು ಗೊಂದಲಗೊಳಿಸುವ ಒಂದು ವ್ಯತ್ಯಾಸವಿದೆ: ಪುಟದಲ್ಲಿ ಮೇಲಕ್ಕೆ ಏರಿದುದು ಮಣೆಗಳ ಸಾಲಿನಲ್ಲಿ ಬಲಕ್ಕೆ ಸರಿಯುತ್ತದೆ. ಕಣ್ಣಿನ ‘ಮೇಲೆ’ ಕೈಗೆ ‘ಬಲಕ್ಕೆ’ ಎಂದಾಗಲು ಕೆಲವು ವಾರಗಳ ಸಾಧನೆ ಬೇಕು. ಕೈಮಗ್ಗದಲ್ಲಿ ಕಾಲಿನ ತುಳಿತಕ್ಕೂ ಲಾಳಿ ಎಸೆಯುವ ಕೈಗೂ ಹೊಂದಾಣಿಕೆ ಒಂದೇ ದಿನದಲ್ಲಿ ಬಾರದಷ್ಟೆ?

ಕಿವಿಯ ಪರಂಪರೆಗೆ ಕುಂದೇ?

ಓದಲು ಕಲಿತರೆ ಕಿವಿ ಮಂದವಾಗದೇ ಎಂದು ಕೇಳುವವರುಂಟು. ಪ್ರಶ್ನೆ ಹಗುರವಾದುದಲ್ಲ. ನಮ್ಮ ಭಾಗದ ಹೆಮ್ಮೆಯಾದ ಶ್ರೀಕೃಷ್ಣ ಪಾರಿಜಾತದ ಹಾಡುಗಳು ಬಾಯಿಂದ ಬಾಯಿಗೆ ಬಂದಂಥವು. ಬೀಳಗಿಯಿಂದ ಹೊರಟು ಮುಂಬಯಿಯ ಚಿತ್ರಲೋಕವನ್ನು ಗೆದ್ದ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಮನೆಮಾತಾದ ಅಮೀರಬಾಯಿ ಕರ್ನಾಟಕಿಯವರ ಕಂಠಸಿರಿ ಇಂದಿಗೂ ಉಳಿದಿರುವುದು ಧ್ವನಿಮುದ್ರಿಕೆಯಲ್ಲಿ. ಮೀಂಡಿನ ಜಾರನ್ನೂ ಗಮಕದ ಕಂಪನವನ್ನೂ ಐದು ಗೆರೆಗಳು ಪೂರ್ಣವಾಗಿ ಹಿಡಿಯಲಾರವು. ಮಣೆಗಳ ವಾದ್ಯವೂ ಹಿಡಿಯಲಾರದು. ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂ ವಾದ್ಯವನ್ನು ಹೊರಗಿಡಲು ಇದೂ ಒಂದು ಕಾರಣವಾಗಿತ್ತು.

ಆದರೂ ಬರಹ ಕಿವಿಯ ವೈರಿಯಲ್ಲ. ಜಮಖಂಡಿಯಂತೆಯೇ ಪಟವರ್ಧನ ಮನೆತನದ ಆಳ್ವಿಕೆಯಲ್ಲಿದ್ದ ಕುರುಂದವಾಡದಲ್ಲಿ 1872ರಲ್ಲಿ ಜನಿಸಿದ ವಿಷ್ಣು ದಿಗಂಬರ ಪಲುಸ್ಕರರು ಬಾಲ್ಯದಲ್ಲಿ ಪಟಾಕಿಯಿಂದ ಕಣ್ಣಿಗೆ ಪೆಟ್ಟು ತಿಂದವರು. ದೃಷ್ಟಿ ಕುಂದಿದ ಆ ಮಹನೀಯರೇ ಮಿರಜದಲ್ಲಿ ಗುರುಮುಖವಾಗಿ ಕಲಿತು, ಮುಂದೆ ತಮ್ಮದೇ ಸ್ವರಲಿಪಿಯನ್ನು ರೂಪಿಸಿ ಪುಸ್ತಕಗಳನ್ನು ಅಚ್ಚು ಹಾಕಿಸಿದರು. ಫ್ರಾನ್ಸ್ ದೇಶದ ಲೂಯಿ ಬ್ರೈಲ್ ಸ್ವತಃ ದೇವಾಲಯದ ಆರ್ಗನ್ ವಾದಕರು. 1829ರಲ್ಲಿ ಅವರು ಪ್ರಕಟಿಸಿದ ಚುಕ್ಕಿಲಿಪಿ ಅಕ್ಷರಗಳಿಗಷ್ಟೇ ಅಲ್ಲ, ಸಂಗೀತಕ್ಕೂ ಮೀಸಲಾಗಿತ್ತು. ಅಂಧ ವಾದಕರು ಒಂದು ಕೈಯಿಂದ ಕೆಲವು ಸ್ವರಗಳನ್ನು ಓದಿ, ಮನನ ಮಾಡಿಕೊಂಡು, ಆ ಬಳಿಕ ನುಡಿಸುತ್ತಾರೆ. ಕಣ್ಣುಳ್ಳವರು ಎದೆಗುಂದಲು ಕಾರಣವೇ ಇಲ್ಲ.

ಎರಡು ಪದ್ಧತಿಗಳೂ ಒಬ್ಬರಲ್ಲಿ ಕೂಡಿದುದಕ್ಕೆ ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರೇ ಸಾಕ್ಷಿ. ಪಿಯಾನೋ ವಾದನದಲ್ಲಿ ಪರಿಣತರಾಗಿದ್ದ ಅವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿಯನ್ನು ಪಡೆದಿದ್ದರು. ರಷ್ಯದ ಸಂಗೀತಕಾರ ಮೆಡ್ಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಧನಸಹಾಯ ನೀಡಿದರು. ಅದೇ ಒಡೆಯರು 94 ಕರ್ನಾಟಕ ಸಂಗೀತ ಕೃತಿಗಳನ್ನೂ ರಚಿಸಿದರು.

ದಿನಕ್ಕೆ ಹತ್ತು ನಿಮಿಷ

ಹಾಗಾದರೆ ಆರಂಭ ಹೇಗೆ? ಜರ್ಮನಿಯ ಮಹಾನ್ ಸಂಗೀತಕಾರ ಬಾಖ್ 1720ರಲ್ಲಿ ತನ್ನ ಒಂಬತ್ತು ವರ್ಷದ ಮಗನಿಗಾಗಿ ಒಂದು ಪಾಠದ ಪುಸ್ತಕವನ್ನು ಆರಂಭಿಸಿದನು. ಅದರ ಮೊದಲ ಪುಟಗಳಲ್ಲಿರುವುದು ಗೆರೆಗಳ ಮತ್ತು ಚಿಹ್ನೆಗಳ ಪರಿಚಯವೇ. ಹಂಗೇರಿಯ ಬಾರ್ಟೋಕ್ ರಚಿಸಿದ ‘ಮೈಕ್ರೋಕಾಸ್ಮೋಸ್’ ಎಂಬ 153 ಪಾಠಗಳ ಮಾಲೆಯ ಮೊದಲ ಆರು ಪಾಠಗಳಲ್ಲಿ ಎರಡೂ ಕೈಗಳು ಒಂದೇ ಧಾಟಿಯನ್ನು ನುಡಿಸುತ್ತವೆ. ದೊಡ್ಡವರು ಚಿಕ್ಕ ಹೆಜ್ಜೆಯನ್ನು ಕಡೆಗಣಿಸಲಿಲ್ಲ.

ಮೊದಲು ಲಯವನ್ನು ಚಪ್ಪಾಳೆಯಲ್ಲಿ ಹಿಡಿಯಬೇಕು. ನಾಲ್ಕು ಎಣಿಕೆಯ ಪೊಳ್ಳು ಸ್ವರ, ಎರಡರ ಕಡ್ಡಿಯುಳ್ಳ ಪೊಳ್ಳು ಸ್ವರ, ಒಂದರ ಕಪ್ಪು ಸ್ವರ ಇವು ಕೈತಾಳದಲ್ಲಿ ನಿಂತ ಮೇಲೆ ಮಣೆಗೆ ಹೋಗಬೇಕು. ದಿನಕ್ಕೆ ಹತ್ತು ನಿಮಿಷ, ತಾನು ಆಗಲೇ ನುಡಿಸಬಲ್ಲುದಕ್ಕಿಂತ ಸುಲಭವಾದ, ಆದರೆ ಹಿಂದೆಂದೂ ನೋಡದ ಸಾಲುಗಳನ್ನು ಓದಬೇಕು. ನುಡಿಸಿದ್ದನ್ನೇ ಮತ್ತೆ ನುಡಿಸಿದರೆ ಅದು ನೆನಪಿನ ಅಭ್ಯಾಸ, ಓದಲ್ಲ. ನಿಧಾನವಾಗಿ ಹೊರಡಬೇಕು, ಹೊರಟ ಮೇಲೆ ತಪ್ಪಿದರೂ ನಿಲ್ಲಬಾರದು. ಲಂಡನ್ನಿನ ಪರೀಕ್ಷಾ ಮಂಡಳಿಗಳು ಕೂಡ ಹೊಸ ಪಾಠ ಕೊಟ್ಟಾಗ ನುಡಿಸುವ ಮೊದಲು ಅರ್ಧ ನಿಮಿಷ ನೋಡಿಕೊಳ್ಳಲು ಬಿಡುತ್ತವೆ. ಆ ಅರ್ಧ ನಿಮಿಷದಲ್ಲಿ ಎಣಿಕೆ ಎಷ್ಟು, ಕಪ್ಪು ಮಣೆ ಎಲ್ಲಿ, ದೊಡ್ಡ ನೆಗೆತ ಎಲ್ಲಿ ಎಂದು ಕಣ್ಣಾಡಿಸುವುದೇ ಜಾಣತನ. ಪಾಲಕರು ಪಕ್ಕದಲ್ಲಿ ಕುಳಿತು ಪ್ರತಿ ತಪ್ಪಿಗೂ ತಡೆಯದಿರುವುದು ಮಕ್ಕಳಿಗೆ ಮಾಡುವ ದೊಡ್ಡ ಉಪಕಾರ.

ಓದು ಬಲಿತಂತೆ ಕಣ್ಣು ಕೈಗಿಂತ ಮುಂದೆ ಹೋಗುತ್ತದೆ. ಬೆರಳು ಈ ಸ್ವರದಲ್ಲಿರುವಾಗ ಕಣ್ಣು ಬರಲಿರುವುದನ್ನು ಕಾಣುತ್ತಿರುತ್ತದೆ. ಕಳೆದುದು ಕಿವಿಯಲ್ಲಿ ಇನ್ನೂ ಅನುರಣಿಸುತ್ತಿರುತ್ತದೆ. ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಹನ್ನೊಂದನೆಯ ಭಾಗದಲ್ಲಿ ಕಾಲದ ಸ್ವರೂಪವನ್ನು ವಿಚಾರಿಸುವಾಗ ಕೀರ್ತನೆಯ ಉದಾಹರಣೆಯನ್ನೇ ತೆಗೆದುಕೊಂಡರು: ಆರಂಭಿಸುವ ಮುನ್ನ ಅದೆಲ್ಲವೂ ನಿರೀಕ್ಷೆಯಲ್ಲಿ, ಹಾಡುತ್ತ ಹೋದಂತೆ ಒಂದೊಂದೇ ಭಾಗ ಸ್ಮರಣೆಗೆ ಸಂದುತ್ತದೆ. ಸ್ವರಲಿಪಿಯ ಮುಂದೆ ಕುಳಿತ ವಿದ್ಯಾರ್ಥಿಯು ಈ ತತ್ತ್ವವನ್ನು ಬೆರಳುಗಳಲ್ಲಿ ಅನುಭವಿಸುತ್ತಾನೆ.

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಆರಾಧನಾ ದಾಖಲೆಯಲ್ಲಿ ಆಯಾ ಜನಾಂಗದ ಸಂಗೀತ ಪರಂಪರೆಗೆ ಸಲ್ಲಬೇಕಾದ ಸ್ಥಾನವನ್ನು ಸಲ್ಲಿಸಬೇಕೆಂದು ಹೇಳಿತು. ಸಲ್ಲಿಸಬೇಕಾದರೆ ಅದು ಮೊದಲು ಉಳಿದಿರಬೇಕು. ಓದಲು ಬಂದವರಿಗೆ ಬರೆಯಲೂ ಬರುತ್ತದೆ. ಇಂದು ಕೀಬೋರ್ಡಿನ ಮುಂದೆ ಐದು ಗೆರೆಗಳೊಡನೆ ಹೆಣಗುತ್ತಿರುವ ನಮ್ಮ ಊರಿನ ಹುಡುಗಿಯೊಬ್ಬಳು ನಾಳೆ ತನ್ನ ಅಜ್ಜಿ ಹಾಡುವ ಬೀಸುವ ಪದದ ಧಾಟಿಯನ್ನು, ಪೂರ್ಣವಾಗಿ ಅಲ್ಲದಿದ್ದರೂ ಗುರುತು ಸಿಗುವಷ್ಟು, ಕಾಗದದ ಮೇಲೆ ಇಳಿಸಬಲ್ಲಳು. ಅಜ್ಜಿಯಂದಿರು ಇರುವಾಗಲೇ ಆ ಕೆಲಸ ಆಗಬೇಕು. ಆದುದರಿಂದ ಮೊದಲ ತಿಂಗಳುಗಳ ಬೇಸರಕ್ಕೆ ಯಾರೂ ಪುಸ್ತಕ ಮುಚ್ಚದಿರಲಿ.