ಹಳದಿ ಕಾಗದದ ಹಿಂದಿನ ಹೆಂಗಸು

ನಾನು ಕಾಮರ್ಸ್ ವಿದ್ಯಾರ್ಥಿನಿ. ಅಮೆರಿಕದ ಲೇಖಕಿ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ನನಗೆ ಮೊದಲು ಗೊತ್ತಾದದ್ದು 1898ರ ‘ವಿಮೆನ್ ಆಂಡ್ ಎಕನಾಮಿಕ್ಸ್’ ಪುಸ್ತಕದ ಹೆಸರಿನಿಂದ. ಹೆಂಗಸರ ದುಡಿಮೆಯ ಲೆಕ್ಕ ಹುಡುಕಿ ಹೋದವಳಿಗೆ ಸಿಕ್ಕಿದ್ದು ಆಕೆಯ ಭಯದ ಕಥೆ, 1892ರಲ್ಲಿ ಪ್ರಕಟವಾದ ‘ದಿ ಯೆಲ್ಲೋ ವಾಲ್‌ಪೇಪರ್’.

ಹಳೆಯ ಬಂಗಲೆ, ಒಂಟಿ ಹೆಣ್ಣು, ರಾತ್ರಿ ಕಾಣುವ ಆಕೃತಿ ಇರುವ ಇಂಥ ಕಥೆಗಳನ್ನು ಗೋಥಿಕ್ ಎನ್ನುತ್ತಾರೆ. ಇಲ್ಲಿ ಹೆದರಿಸುವುದು ದೆವ್ವವಲ್ಲ, ಪ್ರೀತಿಯಿಂದ ಮಾತಾಡುವ ಗಂಡ. ಅವನು ಡಾಕ್ಟರ್. ಹೆಂಡತಿಗೆ ಏನೂ ಕಾಯಿಲೆ ಇಲ್ಲ, ವಿಶ್ರಾಂತಿ ಸಾಕು ಎಂದು ಮಹಡಿಯ ಕೋಣೆಯಲ್ಲಿ ಇರಿಸುತ್ತಾನೆ. ಕಿಟಕಿಗೆ ಸರಳು; ಮಂಚವನ್ನು ನೆಲಕ್ಕೆ ಮೊಳೆ ಹೊಡೆದು ಕೂರಿಸಲಾಗಿದೆ. ಬರೆಯುವುದು ಅವನಿಗೆ ಇಷ್ಟವಿಲ್ಲ, ಅವಳು ಕದ್ದು ಬರೆಯುತ್ತಾಳೆ. ಆ ಬರಹವೇ ಕಥೆ. ನೋಡುತ್ತಾ ನೋಡುತ್ತಾ ಗೋಡೆಯ ಹಳದಿ ಕಾಗದದ ಚಿತ್ತಾರದ ಹಿಂದೆ ಒಬ್ಬ ಹೆಂಗಸು ಅದನ್ನು ಅಲ್ಲಾಡಿಸುವುದು ಅವಳಿಗೆ ಕಾಣುತ್ತದೆ. ಕೊನೆಗೆ ಕಾಗದ ಹರಿದು, ತಾನೇ ಹೊರಬಂದೆ ಎಂದು ನೆಲದ ಮೇಲೆ ತೆವಳುತ್ತಾಳೆ. ಗಂಡ ಮೂರ್ಛೆ ಹೋಗುತ್ತಾನೆ. ಅವಳು ಅವನನ್ನೇ ದಾಟಿ ತೆವಳುತ್ತಾಳೆ.

ಇದು ಬರೀ ಕಲ್ಪನೆಯಲ್ಲ. 1885ರಲ್ಲಿ ಮಗಳು ಹುಟ್ಟಿದ ಮೇಲೆ ಗಿಲ್ಮನ್ ತೀವ್ರ ಖಿನ್ನತೆಗೆ ಬಿದ್ದರು. 1887ರಲ್ಲಿ ಫಿಲಡೆಲ್ಫಿಯಾದ ಹೆಸರಾಂತ ಡಾಕ್ಟರ್ ಸೈಲಸ್ ವೀರ್ ಮಿಚೆಲ್ ಬಳಿ ಹೋದರು. ಅವರದು ‘ರೆಸ್ಟ್ ಕ್ಯೂರ್’: ವಾರಗಟ್ಟಲೆ ಹಾಸಿಗೆ, ಹಾಲು, ಪುಷ್ಟಿ ಊಟ, ಮಾಲೀಸು. ಮನೆಗೆ ಕಳಿಸುವಾಗ ಹೇಳಿದ್ದು: ಓದು, ಚಿಂತನೆ ದಿನಕ್ಕೆ ಎರಡೇ ಗಂಟೆ, ಬದುಕಿರುವವರೆಗೆ ಪೆನ್ನು, ಕುಂಚ ಮುಟ್ಟಬಾರದು. ಸುಮಾರು ಮೂರು ತಿಂಗಳು ಪಾಲಿಸಿ ಹುಚ್ಚಿನ ಅಂಚಿಗೆ ಹೋದೆ, ಮತ್ತೆ ಕೆಲಸಕ್ಕೆ ಕೈಹಾಕಿದ ಮೇಲೆ ಚೇತರಿಸಿಕೊಂಡೆ ಎಂದು ಅವರೇ 1913ರಲ್ಲಿ ಬರೆದರು. ಕಥೆಯನ್ನು ಆ ಡಾಕ್ಟರಿಗೂ ಕಳಿಸಿದ್ದರು. ಉತ್ತರ ಬರಲಿಲ್ಲ.

ಮನೆಯಲ್ಲಿ ಅಮ್ಮಿಗೆ ಈ ಕಥೆಯನ್ನು ಉರ್ದುವಿನಲ್ಲಿ ಹೇಳಿದೆ. ಕಾಗದ, ಕಿಟಕಿ ಯಾವುದನ್ನೂ ಅವರು ಕೇಳಲಿಲ್ಲ. “ಅವಳ ಪಾಪು ಯಾರ ಹತ್ತಿರ ಇತ್ತು?” ಎಂದರು. ನಾನು ಪಾಪುವನ್ನು ಹೇಳಿಯೇ ಇರಲಿಲ್ಲ! ಕಥೆಯಲ್ಲಿ ಅದು ನಾಲ್ಕೈದು ಸಾಲು ಮಾತ್ರ. ನಾನು ಹಾರಿಸಿ ಓದಿದ್ದೆ. ಅಮ್ಮಿಗೆ ಹೇಗೆ ತಿಳಿಯಿತು?

“ನನ್ನ ಚಿಲ್ಲಾದ 40 ದಿನ ನಿನ್ನ ನಾನಿ ಪಕ್ಕದಲ್ಲೇ ಇದ್ದರು,” ಎಂದರು. “ಆದರೂ ಅಳು ಬರುತ್ತಿತ್ತು. ಯಾಕೆ ಅಂತ ಯಾರೂ ಕೇಳಲಿಲ್ಲ.”

ಯಾಕೆ ಅಮ್ಮಿ, ಎಂದು ನಾನು ಕೇಳಿದೆ. ಸ್ಟೌ ಆರಿಸಿ ಬಂದು ಕೂತರು.