ಹೆಬ್ಬೆಟ್ಟಿನ ಗಾತ್ರದ ಕಲ್ಲಿನಿಂದ ಸೀಲಿನ ಬೇಟೆ

ಕಲ್ಲಿನ ಆಯುಧವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಕೈತುಂಬ ಹಿಡಿಯುವ ಒರಟು ಕೊಡಲಿ. ಅದನ್ನು ಹಿಡಿದವನ ಬುದ್ಧಿಯೂ ಒರಟೇ ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಕೆನಡಾ ದೇಶದ ಪೂರ್ವದಂಚಿನ ನ್ಯೂಫೌಂಡ್‌ಲೆಂಡ್ ದ್ವೀಪದಲ್ಲಿ, ಪೋರ್ಟ್ ಓ ಶ್ವಾ ಎಂಬ ಬೆಸ್ತರ ಊರಿನ ಬಳಿ ದೊರೆತ ಕಲ್ಲಿನ ಮೊನೆಗಳನ್ನು ಕಂಡರೆ ಈ ತೀರ್ಮಾನ ನಿಲ್ಲದು. ಅವುಗಳಲ್ಲಿ ಹಲವು ಹೆಬ್ಬೆಟ್ಟಿನಷ್ಟೇ ಇವೆ. ಅವುಗಳಿಂದ ಬೇಟೆಯಾಡಿದ್ದಾದರೋ, ನೂರು ಕಿಲೋಗ್ರಾಮಿಗೂ ಮಿಕ್ಕಿ ತೂಗುವ ಸೀಲ್ ಎಂಬ ಕಡಲಪ್ರಾಣಿಯನ್ನು!

ಸೀಲ್ ಮೀನಲ್ಲ. ಮೀನು ತಿಂದು ಬದುಕುವ, ಮರಿಗೆ ಹಾಲೂಡಿಸುವ, ಉಸಿರಾಡಲು ನೀರಿನ ಮೇಲಕ್ಕೆ ಬರಲೇಬೇಕಾದ ಪ್ರಾಣಿ. ಅದರ ತೊಗಲಿನಡಿಯಲ್ಲಿ ದಪ್ಪನಾದ ಕೊಬ್ಬಿನ ಪದರವಿರುತ್ತದೆ. ಹಾರ್ಪ್ ಎಂಬ ಜಾತಿಯ ಸೀಲ್‌ಗಳು ಚಳಿಗಾಲದಲ್ಲಿ ಉತ್ತರದ ಹಿಮಸಾಗರದಿಂದ ಹಿಂಡುಹಿಂಡಾಗಿ ಇಳಿದು ಬಂದು, ಫೆಬ್ರವರಿಯ ಕೊನೆಗೋ ಮಾರ್ಚಿಯಲ್ಲೋ ತೇಲುವ ಮಂಜುಗಡ್ಡೆಗಳ ಮೇಲೆ ಮರಿಹಾಕುತ್ತವೆ. ಬೇಸಗೆ ಸಮೀಪಿಸಿದಂತೆ ಮರಳಿ ಉತ್ತರಕ್ಕೆ ಸಾಗುತ್ತವೆ. ಕಡಲೊಳಕ್ಕೆ ಚಾಚಿದ ಪೋರ್ಟ್ ಓ ಶ್ವಾದ ಭೂಶಿರವು ಅವುಗಳ ದಾರಿಯ ಮಗ್ಗುಲಲ್ಲೇ ಇದೆ. ಅಲ್ಲಿ ಬೀಡುಬಿಟ್ಟವರಿಗೆ ಆ ಕೆಲವು ವಾರಗಳೇ ಸುಗ್ಗಿ. ಆಗ ಕೈತಪ್ಪಿದ ಬೇಟೆ ವರುಷವಿಡೀ ಕೈತಪ್ಪಿದಂತೆ.

ಸುಮಾರು 2000 ವರ್ಷಗಳ ಹಿಂದಿನಿಂದ 1300 ವರ್ಷಗಳ ಹಿಂದಿನವರೆಗೆ ಇಲ್ಲಿಗೆ ಬಂದು ನೆಲೆಸುತ್ತಿದ್ದವರನ್ನು ವಿದ್ವಾಂಸರು ಡಾರ್ಸೆಟ್ ಜನರೆನ್ನುತ್ತಾರೆ. ನಮ್ಮ ಬಾದಾಮಿಯ ಬಂಡೆಯಲ್ಲಿ ಚಾಲುಕ್ಯರು ಗುಹಾಲಯಗಳನ್ನು ಕಡೆಯಿಸುತ್ತಿದ್ದಾಗ ಅಲ್ಲಿ ಇವರು ಕಲ್ಲಿನ ಮೊನೆಗಳನ್ನು ಕೆತ್ತುತ್ತಿದ್ದರೆಂದರೆ ಕಾಲದ ಕಲ್ಪನೆ ಬಂದೀತು. ಫಿಲಿಪ್ಸ್ ಗಾರ್ಡನ್ ಎಂಬ ಹುಲ್ಲುಗಾವಲಿನಲ್ಲಿ ಇವರ ಐವತ್ತಕ್ಕೂ ಮಿಕ್ಕ ಮನೆಗಳ ಗುಳಿಗಳಿವೆ. 1960ರ ದಶಕದ ಆರಂಭದಲ್ಲಿ ಎಲ್ಮರ್ ಹಾರ್ಪ್ ಎಂಬ ಅಮೆರಿಕದ ಸಂಶೋಧಕರೂ, 1984ರಿಂದ ಮೆಮೋರಿಯಲ್ ವಿಶ್ವವಿದ್ಯಾಲಯದ ಪ್ರಿಸಿಲ್ಲಾ ರೆನೂಫ್ ಅವರೂ ಇಲ್ಲಿ ಅಗೆದು ನೋಡಿದರು. ನೆಲ ಸುಣ್ಣಕಲ್ಲಿನದಾದ್ದರಿಂದ ಎಲುಬುಗಳು ಕೊಳೆಯದೆ ಉಳಿದಿದ್ದವು. ಅವುಗಳಲ್ಲಿ ಬಹುಪಾಲು ಸೀಲಿನವೇ.

ಇನ್ನು ಆಯುಧದ ಮಾತು. ಇವರು ಮೊನೆಗೆ ಆರಿಸಿದ್ದು ಚರ್ಟ್ ಎಂಬ, ಚಕಮಕಿಯ ಜಾತಿಗೆ ಸೇರಿದ ನಯವಾದ ಕಲ್ಲನ್ನು. ಅದನ್ನು ತ್ರಿಕೋನಾಕಾರವಾಗಿ ತಟ್ಟಿ ತೆಳುಗೊಳಿಸಿ, ಕೊನೆಗೆ ತುದಿಯಿಂದಲೇ ಬುಡದ ಕಡೆಗೆ ಎರಡು ಸಣ್ಣ ಸೀಳುಗಳನ್ನು ಎಬ್ಬಿಸುತ್ತಿದ್ದರು. ತುದಿ ಸೂಜಿಯಂತಾಗುತ್ತಿತ್ತು. ಒಂದು ಪೆಟ್ಟು ಹೆಚ್ಚಾದರೆ ಅದುವರೆಗಿನ ಶ್ರಮವೆಲ್ಲ ನೀರಪಾಲು. ಹೋಟೆಲಿನ ಅಡಿಗೆಮನೆಯಲ್ಲಿ ಕತ್ತಿ ಮಸೆದು ಬಲ್ಲವರು ಈ ಕೈಚಳಕದ ಬೆಲೆಯನ್ನು ಅರಿಯಬಲ್ಲರು.

ಆದರೆ ಕಲ್ಲೊಂದೇ ಬೇಟೆಯಾಡಿತೆನ್ನಲಾಗದು. ಆ ಮೊನೆಯನ್ನು ಎಲುಬಿನಿಂದಲೋ ಕೊಂಬಿನಿಂದಲೋ ಮಾಡಿದ ಚಿಕ್ಕದೊಂದು ತಲೆಯಲ್ಲಿ ಸಿಕ್ಕಿಸಿ, ಆ ತಲೆಯ ತೂತಿಗೆ ಹಗ್ಗವನ್ನು ಕಟ್ಟಿ, ಉದ್ದನೆಯ ಕೋಲಿನ ತುದಿಗೆ ಸಡಿಲವಾಗಿ ಇಡುತ್ತಿದ್ದರು. ಈಟಿ ನಾಟಿದೊಡನೆ ಕೋಲು ಕಳಚಿಕೊಳ್ಳುವುದು. ಹಗ್ಗ ಬಿಗಿದಂತೆ ತಲೆಯು ತೊಗಲಿನೊಳಗೇ ಅಡ್ಡಲಾಗಿ ತಿರುಗಿ, ಅಂಗಿಯ ಗುಂಡಿ ಕಾಜದಲ್ಲಿ ಸಿಕ್ಕಿಕೊಂಡಂತೆ ನಿಲ್ಲುವುದು. ಸೀಲ್ ಎಷ್ಟು ಮುಳುಗಿದರೂ ಹಗ್ಗದ ಇನ್ನೊಂದು ತುದಿ ಬೇಟೆಗಾರನ ಕೈಯಲ್ಲಿ! ಬರಿಯ ಈಟಿಯಾಗಿದ್ದರೆ ಗಾಯಗೊಂಡ ಪ್ರಾಣಿ ಕಡಲ ಪಾಲಾಗುತ್ತಿತ್ತು. ಕಲ್ಲು ಮುರಿದರೆ ಹೊಸದನ್ನು ಸಿಕ್ಕಿಸಬಹುದು. ಬಹಳ ಹೊತ್ತು ಕೆತ್ತಿದ ಎಲುಬಿನ ತಲೆ ಉಳಿಯುತ್ತದೆ. ಈ ಲೆಕ್ಕಾಚಾರ ಯಾವ ಗುಮಾಸ್ತನೂ ಮೆಚ್ಚುವಂಥದು.

ಮಾಂಸ ಆಹಾರವಾಯಿತು. ನಾವು ಬಾಲ್ಯದಲ್ಲಿ ಅಕ್ಷರ ತಿದ್ದಿದ ಸ್ಲೇಟಿನ ಜಾತಿಯ ಕಲ್ಲಿನಿಂದಲೇ ಮಾಡಿದ ಉಪಕರಣಗಳಿಂದ ತೊಗಲನ್ನು ಹದಮಾಡಿದರು. ಕೊಬ್ಬು ಬಳಪದ ಕಲ್ಲಿನ ಹಣತೆಗಳಲ್ಲಿ ಉರಿದು ಬೆಳಕಾಯಿತು. ನಮ್ಮ ಕರಾವಳಿಯ ಮನೆಗಳಲ್ಲಿ ಉಪ್ಪಿನಕಾಯಿಗೆ ಇಡುವ ಕಲ್ಲಿನ ಮರಿಗೆಯೂ ಇದೇ ಮೆದುಕಲ್ಲಿನದಲ್ಲವೆ?

ಇಲ್ಲಿ ಸೀಲನ್ನು ಮೊದಲು ಬೇಟೆಯಾಡಿದವರು ಇವರೇನಲ್ಲ. 1967ರಲ್ಲಿ ಇದೇ ಊರಿನಲ್ಲಿ ಕಟ್ಟಡವೊಂದಕ್ಕೆ ಅಗೆಯುವಾಗ ಬೇರೊಂದು ಜನಾಂಗದ ಗೋರಿಗಳು ಬೆಳಕಿಗೆ ಬಂದವು. ಮೂರು-ನಾಲ್ಕು ಸಾವಿರ ವರ್ಷಗಳಷ್ಟು ಹಿಂದಿನ ಆ ಗೋರಿಗಳಲ್ಲಿ, ಸತ್ತವರ ಜೊತೆಗೆ, ಉಜ್ಜಿ ನಯಗೊಳಿಸಿದ ಸ್ಲೇಟಿನ ನೀಳ ಭರ್ಜಿಗಳನ್ನು ಇಟ್ಟಿದ್ದರು.

ಡಾರ್ಸೆಟ್ ಜನರು ಇಲ್ಲಿಂದ ಕಾಲ್ದೆಗೆದದ್ದೇಕೆ? ಹವೆ ಬೆಚ್ಚಗಾಗಿ ಕಡಲ ಮಂಜುಗಡ್ಡೆಯ ಸ್ಥಿತಿ ಬದಲಾಯಿತೆಂದೂ, ಸೀಲ್‌ಗಳು ಹಿಂದಿನಂತೆ ದಡಕ್ಕೆ ಹತ್ತಿರವಾಗಿ ನಂಬಿಕೆಗೆ ತಕ್ಕಂತೆ ದೊರೆಯಲಿಲ್ಲವೆಂದೂ ಸಂಶೋಧಕರ ಊಹೆ. ಮೊನೆ ಎಷ್ಟು ಹರಿತವಿದ್ದರೇನು, ಬಾರದ ಸೀಲಿಗೆ ಅದು ನಾಟೀತೆ? ಮನೆಗಳ ಗುಳಿಗಳ ಮೇಲೆ ಈಗ ಹುಲ್ಲು ಬೆಳೆದಿದೆ.