ಒಬ್ಬನೇ ಪ್ರೇಕ್ಷಕನಿಗಾಗಿ ಕಟ್ಟಿದ ಕೋಟೆ

ಜರ್ಮನಿಯ ದಕ್ಷಿಣದ ಅಂಚಿನ ಬವೇರಿಯಾದಲ್ಲಿ, ಬಯಲು ಮುಗಿದು ಆಲ್ಪ್ಸ್ ಪರ್ವತಗಳು ದಿಢೀರನೆ ಎದ್ದು ನಿಲ್ಲುವ ಜಾಗದಲ್ಲಿ, ಹೋಹೆನ್‌ಶ್ವಾಂಗೌ ಎಂಬ ಪುಟ್ಟ ಊರಿದೆ. ಊರಿನ ನೆತ್ತಿಯ ಮೇಲೊಂದು ಬಂಡೆ, ಬಂಡೆಯ ಮೇಲೆ ಬೆಳ್ಳನೆಯ ಕೋಟೆ. ಚೂಪು ಗೋಪುರಗಳು, ನೀಲಿ ಛಾಯೆಯ ಮಾಡುಗಳು, ಹಿಂದೆ ಕಡುಹಸಿರು ಕಾಡು, ಪಕ್ಕದಲ್ಲಿ ಪೊಲ್ಲಾಟ್ ಹೊಳೆಯ ಆಳ ಕಮರಿ. ಮೊದಲ ಸಲ ನೋಡಿದವರಿಗೂ ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸುತ್ತದೆ. ಅನ್ನಿಸಲೇಬೇಕು. ಡಿಸ್ನಿಲ್ಯಾಂಡಿನ ನಟ್ಟನಡುವೆ ನಿಂತಿರುವ ‘ಸ್ಲೀಪಿಂಗ್ ಬ್ಯೂಟಿ’ ಕೋಟೆಗೆ ಸ್ಫೂರ್ತಿಯಾದದ್ದು ಈ ನೊಯ್‌ಶ್ವಾನ್‌ಸ್ಟೈನ್.

ಸಿನಿಮಾಗಳಿಗೆ, ಥೀಮ್ ಪಾರ್ಕುಗಳಿಗೆ ಮೂಲವಾದ ನಿಜವಾದ ಜಾಗಗಳನ್ನು ಹುಡುಕಿಕೊಂಡು ಹೋಗುವುದು ಈಗ ಪ್ರವಾಸದ ಒಂದು ದೊಡ್ಡ ಧಾರೆಯೇ ಆಗಿದೆ. ಸ್ವಿಟ್ಜರ್ಲೆಂಡಿನ ಮ್ಯಾಟರ್‌ಹಾರ್ನ್ ಶಿಖರವನ್ನೇ ನೋಡಿ. 4,478 ಮೀಟರ್ ಎತ್ತರದ ಆ ಮೊನಚು ಬೆಟ್ಟದ ಬುಡದಲ್ಲಿ ಸಿನಿಮಾ ಚಿತ್ರೀಕರಣ ನಡೆಯುತ್ತಿದ್ದಾಗ ವಾಲ್ಟ್ ಡಿಸ್ನಿ ಅದಕ್ಕೆ ಮನಸೋತರು. 1959ರಲ್ಲಿ ಕ್ಯಾಲಿಫೋರ್ನಿಯಾದ ತಮ್ಮ ಪಾರ್ಕಿನಲ್ಲಿ 147 ಅಡಿಯ ಮ್ಯಾಟರ್‌ಹಾರ್ನ್ ಎಬ್ಬಿಸಿ, ಅದರ ಹೊಟ್ಟೆಯೊಳಗೆ ರೋಲರ್ ಕೋಸ್ಟರ್ ಓಡಿಸಿದರು. ಅಲ್ಲಿ ಅಸಲು ಯಾವುದು, ನಕಲು ಯಾವುದು ಎಂಬ ಬಗ್ಗೆ ಯಾರಿಗೂ ಅನುಮಾನವಿಲ್ಲ. ಬೆಟ್ಟ ಬೆಟ್ಟವೇ. ನೊಯ್‌ಶ್ವಾನ್‌ಸ್ಟೈನ್‌ನಲ್ಲಿ ಮಾತ್ರ ಆ ಗೆರೆ ಅಷ್ಟು ಸುಲಭವಾಗಿ ಎಳೆಯಲು ಬರುವುದಿಲ್ಲ. ನನ್ನ ಮಟ್ಟಿಗೆ ಅದನ್ನು ನೋಡಲೇಬೇಕಾದ ಕಾರಣವೂ ಅದೇ.

ಡಿಸ್ನಿಲ್ಯಾಂಡ್ ಬಾಗಿಲು ತೆರೆದದ್ದು 1955ರ ಜುಲೈ 17ರಂದು. ಕೋಟೆಯ ವಿನ್ಯಾಸದಲ್ಲಿ ಕೆಲಸ ಮಾಡಿದವರಲ್ಲಿ ಹರ್ಬ್ ರೈಮನ್ ಪ್ರಮುಖರು. ಹಾಲಿವುಡ್ ಸ್ಟುಡಿಯೊಗಳ ಕಲಾ ವಿಭಾಗದಲ್ಲಿ ಪಳಗಿದ ಕೈ ಅವರದು. ಮಾದರಿ ಸಿದ್ಧವಾದಾಗ ಅದು ಬವೇರಿಯಾದ ಕೋಟೆಯನ್ನೇ ಎತ್ತಿ ಇಟ್ಟಂತೆ ಕಾಣುತ್ತಿದೆಯೆಂದು ರೈಮನ್‌ಗೆ ಕಸಿವಿಸಿಯಾಯಿತಂತೆ. ಮೇಲಿನ ಅರ್ಧವನ್ನು ಎತ್ತಿ, ಹಿಂದುಮುಂದು ತಿರುಗಿಸಿ ಕೂರಿಸಿದರು. ಅಷ್ಟರಲ್ಲಿ ಒಳಗೆ ಬಂದ ಡಿಸ್ನಿ ಅದನ್ನು ನೋಡಿ ಮೆಚ್ಚಿಬಿಟ್ಟರು ಎಂಬುದು ರೈಮನ್ ಹೇಳುತ್ತಿದ್ದ ಕಥೆ. ಹಾಗಾಗಿ ಇಂದು ಡಿಸ್ನಿಲ್ಯಾಂಡಿನಲ್ಲಿ ಜನ ಮುಂಭಾಗವೆಂದು ನೋಡುತ್ತಿರುವುದು ಮೂಲ ಯೋಜನೆಯ ಬೆನ್ನು. ಕೋಟೆಯ ಎತ್ತರ ಬರೀ 77 ಅಡಿ. ಕೆಳಗಿನ ಕಲ್ಲುಗಳನ್ನು ದೊಡ್ಡದಾಗಿಯೂ ಮೇಲೆ ಹೋದಂತೆ ಚಿಕ್ಕದಾಗಿಯೂ ಮಾಡಿ, ಕಣ್ಣಿಗೆ ಅದು ಮುಗಿಲು ಮುಟ್ಟುವಂತೆ ತೋರಿಸಿದ್ದಾರೆ. ಇದು ಸಿನಿಮಾ ಸೆಟ್ಟಿನ ಹಳೆಯ ವಿದ್ಯೆ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ: ಕೋಟೆ ಮೊದಲು ಬಂತು, ‘ಸ್ಲೀಪಿಂಗ್ ಬ್ಯೂಟಿ’ ಸಿನಿಮಾ ತೆರೆಗೆ ಬಂದದ್ದು ಅದಾಗಿ ನಾಲ್ಕು ವರ್ಷಕ್ಕೆ, 1959ರಲ್ಲಿ.

ಇಷ್ಟು ಓದಿದವರು ಬವೇರಿಯಾದ್ದು ನಿಜವಾದ ಕೋಟೆ, ಅಮೆರಿಕದ್ದು ಆಟಿಕೆ ಎಂದುಕೊಳ್ಳುವುದು ಸಹಜ. ಆದರೆ ನೊಯ್‌ಶ್ವಾನ್‌ಸ್ಟೈನ್ ಯಾವ ಶತ್ರುವನ್ನೂ ತಡೆಯಲು ಕಟ್ಟಿದ್ದಲ್ಲ. ಮಧ್ಯಯುಗದ ವೀರರು ಅಲ್ಲಿ ಕಾಲಿಟ್ಟಿಲ್ಲ. ಅದರ ಅಡಿಗಲ್ಲು ಹಾಕಿದ್ದು 1869ರ ಸೆಪ್ಟೆಂಬರ್ 5ರಂದು, ಸೂಯೆಜ್ ಕಾಲುವೆ ಹಡಗುಗಳಿಗೆ ತೆರೆದ ವರ್ಷ. ಯುರೋಪಿನ ಉದ್ದಗಲಕ್ಕೂ ರೈಲು ಓಡುತ್ತಿತ್ತು, ತಂತಿ ಸುದ್ದಿ ಹೋಗುತ್ತಿತ್ತು. ಕೋಟೆಗಳ ಕಾಲ ಮುಗಿದು ಶತಮಾನಗಳೇ ಆಗಿದ್ದವು.

ಕಟ್ಟಿಸಿದವನು ಬವೇರಿಯಾದ ದೊರೆ ಎರಡನೇ ಲುಡ್ವಿಗ್. ಹುಟ್ಟಿದ್ದು 1845ರಲ್ಲಿ, ಪಟ್ಟವೇರಿದ್ದು 1864ರಲ್ಲಿ, ಹದಿನೆಂಟರ ಹರೆಯದಲ್ಲಿ. ಬಾಲ್ಯದ ಬಹುಪಾಲು ಬೇಸಿಗೆಗಳು ಕಳೆದದ್ದು ಇದೇ ಊರಿನ ಕೆಳಗಿನ ಗುಡ್ಡದ ಹಳದಿ ಬಣ್ಣದ ಅರಮನೆಯಲ್ಲಿ. ಹಾಳುಬಿದ್ದಿದ್ದ ಆ ಕೋಟೆಯನ್ನು ಅವನ ತಂದೆ ಮ್ಯಾಕ್ಸಿಮಿಲಿಯನ್ ಜೀರ್ಣೋದ್ಧಾರ ಮಾಡಿಸಿ, ಗೋಡೆ ತುಂಬ ಹಳೆಯ ಜರ್ಮನ್ ಐತಿಹ್ಯಗಳ ಚಿತ್ರ ಬರೆಸಿದ್ದ. ಹಂಸ ಎಳೆಯುವ ದೋಣಿಯಲ್ಲಿ ಬಂದು ರಾಜಕುಮಾರಿಯನ್ನು ಕಾಪಾಡುವ ವೀರ ಲೋಹೆಂಗ್ರಿನ್‌ನ ಕಥೆಯೂ ಅಲ್ಲಿತ್ತು. ಊಟ ಮಾಡುವಾಗ, ಆಡುವಾಗ, ನಿದ್ದೆಗೆ ಜಾರುವಾಗ ಹುಡುಗನ ಕಣ್ಣೆದುರು ಇದ್ದದ್ದು ಆ ಚಿತ್ರಗಳು. 1861ರ ಫೆಬ್ರುವರಿಯಲ್ಲಿ, ಹದಿನೈದನೇ ವಯಸ್ಸಿನಲ್ಲಿ, ರಿಚರ್ಡ್ ವಾಗ್ನರ್‌ನ ‘ಲೋಹೆಂಗ್ರಿನ್’ ಸಂಗೀತನಾಟಕವನ್ನು ನೋಡಿದ. ಗೋಡೆಯ ಮೇಲಿದ್ದವನು ರಂಗದ ಮೇಲೆ ನಿಂತು ಹಾಡುತ್ತಿದ್ದ. ಅಲ್ಲಿಂದ ಮುಂದೆ ಲುಡ್ವಿಗ್ ಪೂರ್ತಿಯಾಗಿ ಆ ಲೋಕಕ್ಕೆ ಸೇರಿದವನಾದ. ದೊರೆಯಾದ ಕೆಲವೇ ವಾರಗಳಲ್ಲಿ, ಸಾಲಗಾರರಿಂದ ತಪ್ಪಿಸಿಕೊಂಡು ತಿರುಗುತ್ತಿದ್ದ ವಾಗ್ನರ್‌ನನ್ನು ಹುಡುಕಿಸಿ ಮ್ಯೂನಿಕ್‌ಗೆ ಕರೆಸಿಕೊಂಡು, ಸಾಲ ತೀರಿಸಿ ಆಶ್ರಯ ಕೊಟ್ಟ.

1866ರಲ್ಲಿ ಪ್ರಷ್ಯಾದೊಡನೆ ನಡೆದ ಯುದ್ಧದಲ್ಲಿ ಬವೇರಿಯಾ ಸೋತಿತು. ಯುದ್ಧ ಬಂದರೆ ಸೈನ್ಯ ಅದರ ಹಿಡಿತದಲ್ಲಿ ಇರದಂತಾಯಿತು. ಕೈಯಲ್ಲಿ ಅಧಿಕಾರವಿಲ್ಲದ ದೊರೆ, ತಾನೇ ದೊರೆಯಾಗಿ ಬಾಳಬಲ್ಲ ಇನ್ನೊಂದು ಲೋಕವನ್ನು ಕಟ್ಟಿಸತೊಡಗಿದ. ಮರುವರ್ಷ ಜರ್ಮನಿಯ ವಾರ್ಟ್‌ಬುರ್ಗ್ ಕೋಟೆಯನ್ನೂ ಫ್ರಾನ್ಸಿನಲ್ಲಿ ಆಗಷ್ಟೇ ಮರುಕಟ್ಟುತ್ತಿದ್ದ ಪಿಯರ್‌ಫೋನ್ ಕೋಟೆಯನ್ನೂ ಕಂಡುಬಂದ. ತನ್ನ ಬಾಲ್ಯದ ಅರಮನೆಯ ಮೇಲಿನ ಬಂಡೆಯಲ್ಲಿ ಪಾಳುಬಿದ್ದಿದ್ದ ಹಳೆಯ ಕೋಟೆಗಳ ಜಾಗವನ್ನು ಆರಿಸಿದ.

ಕೋಟೆಯ ರೂಪವನ್ನು ಮೊದಲು ಕಾಗದದ ಮೇಲೆ ತಂದವನು ವಾಸ್ತುಶಿಲ್ಪಿಯಲ್ಲ. ಅವನ ಹೆಸರು ಕ್ರಿಸ್ಟಿಯಾನ್ ಯಾಂಕ್, ಮ್ಯೂನಿಕ್ ರಂಗಮಂದಿರದಲ್ಲಿ ವಾಗ್ನರ್ ನಾಟಕಗಳಿಗೆ ಪರದೆ ಬರೆಯುತ್ತಿದ್ದ ಕಲಾವಿದ. ನಮ್ಮ ಗುಬ್ಬಿ ಕಂಪನಿಯ ಪರದೆ ಬರೆಯುವವರನ್ನು ಕರೆಸಿ, ‘ಆ ದರ್ಬಾರ್ ಸೀನಿನ ಅರಮನೆಯನ್ನೇ ಬೆಟ್ಟದ ಮೇಲೆ ಕಲ್ಲಲ್ಲಿ ಬೇಕು’ ಎಂದು ಮಹಾರಾಜರೊಬ್ಬರು ಅಪ್ಪಣೆ ಕೊಟ್ಟಂತೆ. ಯಾಂಕ್ ಬರೆದದ್ದನ್ನು ನಿಲ್ಲುವ ಕಟ್ಟಡವಾಗಿಸುವ ಹೊಣೆ ಎಡುವಾರ್ಡ್ ರೀಡೆಲ್, ಅವನ ನಂತರ ಗೇಯೋರ್ಗ್ ಡಾಲ್‌ಮನ್, ಕಡೆಗೆ ಯೂಲಿಯುಸ್ ಹಾಫ್‌ಮನ್ ಎಂಬ ವಾಸ್ತುಶಿಲ್ಪಿಗಳ ಹೆಗಲಿಗೆ ಬಿತ್ತು. ಪ್ರತಿಯೊಂದು ನಕ್ಷೆಯೂ ದೊರೆಯ ಕಣ್ಣಿಗೆ ಬೀಳಬೇಕು, ಒಪ್ಪಿಗೆಯಾಗಬೇಕು. ನೊಯ್‌ಶ್ವಾನ್‌ಸ್ಟೈನ್ ಯಾವ ಕಡೆಯಿಂದ ನೋಡಿದರೂ ಚಿತ್ರದ ಹಾಗೆ ಕಾಣುವುದು ಈ ಕಾರಣಕ್ಕೆ. ಯಾಂಕ್ ಮತ್ತು ರೈಮನ್, ಇಬ್ಬರೂ ಪ್ರೇಕ್ಷಕನ ಕಣ್ಣಿಗಾಗಿ ಕೆಲಸ ಮಾಡಿದ ಒಂದೇ ಕಸುಬಿನವರು. ಡಿಸ್ನಿ ಮಾಡಿದ್ದು ಒಂದು ಕೋಟೆಯ ನಕಲನ್ನಲ್ಲ, ಒಂದು ರಂಗಸಜ್ಜಿಕೆಯ ಮುಂದುವರಿಕೆಯನ್ನು.

ಗೋಡೆಗಳ ಒಡಲು ಇಟ್ಟಿಗೆಯದು, ಹೊರಗೆ ತಿಳಿ ಬಣ್ಣದ ಸುಣ್ಣಕಲ್ಲಿನ ಹೊದಿಕೆ. ಸಾಮಾನು ಮೇಲೆತ್ತಲು ಹಬೆಯಿಂದ ನಡೆಯುವ ಕ್ರೇನು. 1879–80ರ ಹೊತ್ತಿನಲ್ಲಿ ತಂದು ಸುರಿದ ಸಾಮಗ್ರಿಯ ಲೆಕ್ಕ ಉಳಿದಿದೆ: 465 ಟನ್ ಸಾಲ್ಜ್‌ಬರ್ಗ್ ಅಮೃತಶಿಲೆ, 1,550 ಟನ್ ಮರಳುಗಲ್ಲು, 4 ಲಕ್ಷ ಇಟ್ಟಿಗೆ. ಹೊರಗೆ ಹದಿಮೂರನೇ ಶತಮಾನದ ವೇಷ, ಒಳಗೆ ಬಿಸಿಗಾಳಿಯ ಕೊಳವೆಗಳು, ಮಹಡಿ ಮಹಡಿಗೂ ನಲ್ಲಿ ನೀರು, ತಾನಾಗಿ ನೀರು ಹರಿಯುವ ಶೌಚಾಲಯ, ಆಳುಗಳನ್ನು ಕರೆಯಲು ವಿದ್ಯುತ್ ಗಂಟೆ, ಟೆಲಿಫೋನು, ಅಡುಗೆಮನೆಯಿಂದ ಊಟ ಮೇಲೆ ಬರಲು ಲಿಫ್ಟು.

ಒಳಗಿನ ಸಿಂಹಾಸನದ ಹಜಾರಕ್ಕೆ ಬನ್ನಿ. ಎರಡು ಅಂತಸ್ತಿನ ಎತ್ತರ, ಬೈಜಾಂಟೈನ್ ಚರ್ಚಿನ ಹಾಗೆ ಚಿನ್ನದ ಹೊಳಪು. ಕಾಲಡಿಯಲ್ಲಿ ಪ್ರಾಣಿಗಳು, ಗಿಡಬಳ್ಳಿಗಳು ತುಂಬಿದ ಮೊಸಾಯಿಕ್ ನೆಲ. ತಲೆಯ ಮೇಲೆ ಕಿರೀಟದ ಆಕಾರದ ದೀಪಗುಚ್ಛ, 96 ಮೇಣದ ಬತ್ತಿಗಳದ್ದು. ಬತ್ತಿ ಹಚ್ಚಲು ಅದನ್ನು ರಾಟೆ ತಿರುಗಿಸಿ ಕೆಳಗಿಳಿಸಬೇಕಿತ್ತು. ಎದುರಿಗೆ ಬಿಳಿ ಅಮೃತಶಿಲೆಯ ಮೆಟ್ಟಿಲುಗಳು ಗರ್ಭಗುಡಿಯಂಥ ಒಂದು ಅರೆವೃತ್ತದ ಕಡೆಗೆ ಏರುತ್ತವೆ. ಮೇಲೆ ಏನೂ ಇಲ್ಲ. ಸಿಂಹಾಸನ ಬರುವ ಮೊದಲೇ ದೊರೆ ಹೋದ. ಅದರ ಬಳಿಕ ಯಾರೂ ಅದನ್ನು ಮಾಡಿಸಲಿಲ್ಲ. ಈ ಕೋಟೆಯ ಕಥೆಯನ್ನು ಆ ಖಾಲಿ ಜಾಗದಷ್ಟು ಚೆನ್ನಾಗಿ ಬೇರಾವ ಕೋಣೆಯೂ ಹೇಳುವುದಿಲ್ಲ.

ಅಲ್ಲಿಂದ ಮುಂದೆ ದೊರೆಯ ಬೈಠಕ್‌ಖಾನೆಗೂ ಓದುಕೋಣೆಗೂ ನಡುವೆ ಒಂದು ಬಾಗಿಲು ದಾಟಿದರೆ ನೀವು ಗುಹೆಯಲ್ಲಿರುತ್ತೀರಿ. ಮೂರನೇ ಮಹಡಿಯಲ್ಲಿ ಗುಹೆ! ಮೇಲಿನಿಂದ ಇಳಿಬಿದ್ದ ಸುಣ್ಣಕಲ್ಲಿನ ಕೋಡುಗಳು, ಉಬ್ಬುತಗ್ಗಿನ ಗೋಡೆ. ಎಲ್ಲವೂ ಗಾರೆಯಿಂದ ಮಾಡಿದ್ದು. ದೊರೆಯ ಕಾಲದಲ್ಲಿ ಬಣ್ಣದ ದೀಪಗಳೂ ಒಂದು ಪುಟ್ಟ ಜಲಪಾತವೂ ಇದ್ದವು. ವಾಗ್ನರ್‌ನ ‘ಟಾನ್‌ಹಾಯ್ಸರ್’ ನಾಟಕದ ಗುಹೆಯ ದೃಶ್ಯವನ್ನು ಮನೆಯೊಳಗೇ ಅನುಭವಿಸಲು ಮಾಡಿಸಿದ್ದು. ಇಂದಿನ ಎಷ್ಟೋ ಥೀಮ್ ಪಾರ್ಕುಗಳಲ್ಲಿ ಇಂಥ ಗುಹೆಯೊಂದನ್ನು ಹಾದುಹೋಗಬೇಕು. ಡಿಸ್ನಿ ಹುಟ್ಟುವುದಕ್ಕೂ ಹದಿನೈದು ಇಪ್ಪತ್ತು ವರ್ಷ ಮೊದಲು ಬವೇರಿಯಾದ ಬೆಟ್ಟದಲ್ಲಿ ಅದು ಸಿದ್ಧವಾಗಿತ್ತು.

ಅದಕ್ಕೂ ದೊಡ್ಡದು ಲುಡ್ವಿಗ್‌ನ ಇನ್ನೊಂದು ಅರಮನೆಯಾದ ಲಿಂಡರ್‌ಹೋಫ್‌ನ ಉದ್ಯಾನದಲ್ಲಿದೆ. 1870ರ ದಶಕದಲ್ಲಿ ಕಟ್ಟಿದ ‘ವೀನಸ್ ಗುಹೆ’ಯಲ್ಲಿ ಕೃತಕ ಕೊಳ, ಚಿಪ್ಪಿನಾಕಾರದ ಚಿನ್ನದ ಬಣ್ಣದ ದೋಣಿ, ಅಲೆ ಎಬ್ಬಿಸುವ ಯಂತ್ರ, ಬಣ್ಣ ಬದಲಿಸುವ ದೀಪಗಳು. ದೀಪಕ್ಕೆ ವಿದ್ಯುತ್ ಒದಗಿಸಲು 24 ಡೈನಮೊಗಳನ್ನು ಕೂರಿಸಿದ್ದರು. ಬವೇರಿಯಾದ ಮೊದಮೊದಲ ವಿದ್ಯುತ್ ಉತ್ಪಾದನೆ ನಡೆದದ್ದು ಒಬ್ಬ ದೊರೆ ನೀಲಿ ಬೆಳಕಿನಲ್ಲಿ ಕೂರಬೇಕೆಂದು. ಇಟಲಿಯ ಕ್ಯಾಪ್ರಿ ದ್ವೀಪದ ನೀಲಿ ಗುಹೆಯ ಬಣ್ಣ ಹೇಗಿದೆಯೆಂದು ನೋಡಿಬರಲು ತನ್ನ ಕುದುರೆಲಾಯದ ಅಧಿಕಾರಿಯನ್ನೇ ಅವನು ಕಳಿಸಿದ್ದ. ಅಂದರೆ ಅಸಲು ಜಾಗವನ್ನು ನೋಡಿಬಂದು ನಕಲನ್ನು ತಿದ್ದಿಕೊಳ್ಳುವ ಪದ್ಧತಿ ಥೀಮ್ ಪಾರ್ಕಿನವರಿಗಿಂತ ಹಳೆಯದು.

ವ್ಯತ್ಯಾಸ ಒಂದೇ, ಆದರೆ ಅದು ದೊಡ್ಡದು. ಡಿಸ್ನಿ ಕಟ್ಟಿದ್ದು ಲಕ್ಷಾಂತರ ಜನಕ್ಕೆ. ಲುಡ್ವಿಗ್ ಕಟ್ಟಿಸಿದ್ದು ತನ್ನೊಬ್ಬನಿಗೆ. ‘ಗಾಯಕರ ಹಜಾರ’ವೆಂದೇ ಕರೆಯುವ ಭವ್ಯ ಕೋಣೆಯಲ್ಲಿ ಅವನ ಜೀವಿತಾವಧಿಯಲ್ಲಿ ಒಂದು ಕಛೇರಿಯೂ ನಡೆಯಲಿಲ್ಲ. ಯಾರ ಸಂಗೀತಕ್ಕಾಗಿ ಇಷ್ಟೆಲ್ಲ ಕಟ್ಟಿಸಿದನೋ ಆ ವಾಗ್ನರ್ 1883ರಲ್ಲಿ ತೀರಿಕೊಂಡ, ಕೋಟೆಗೆ ಬರಲೇ ಇಲ್ಲ. ಲುಡ್ವಿಗ್ ಅಲ್ಲಿ ಬಾಳಿದ್ದೂ, ಎಲ್ಲ ದಿನ ಕೂಡಿಸಿದರೆ, ಆರು ತಿಂಗಳಿಗಿಂತ ಕಡಿಮೆ. ರಾಜ್ಯದ ಬೊಕ್ಕಸ ಬರಿದು ಮಾಡಿದ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಅದು ನಿಜವಲ್ಲ. ಖರ್ಚು ಮಾಡಿದ್ದು ತನ್ನ ಸ್ವಂತ ಪಾಲಿನ ಹಣ, ಅದು ಸಾಲದಾದಾಗ ಸಾಲ. 1885ರ ಹೊತ್ತಿಗೆ ಸಾಲ ಸುಮಾರು 1 ಕೋಟಿ 40 ಲಕ್ಷ ಮಾರ್ಕ್‌ಗೆ ಏರಿತ್ತು.

ಮಂತ್ರಿಗಳು ದಾರಿ ಹುಡುಕಿದರು. ದೊರೆಯನ್ನು ಎದುರು ಕೂರಿಸಿ ಪರೀಕ್ಷಿಸದೆಯೇ ಅವನಿಗೆ ಹುಚ್ಚೆಂದು ವೈದ್ಯರ ಪ್ರಮಾಣಪತ್ರ ತಯಾರಾಯಿತು. 1886ರ ಜೂನ್‌ನಲ್ಲಿ ಒಂದು ನಸುಕಿನಲ್ಲಿ ಇದೇ ನೊಯ್‌ಶ್ವಾನ್‌ಸ್ಟೈನ್‌ನಿಂದ ಅವನನ್ನು ಕರೆದೊಯ್ದರು. ಜೂನ್ 13ರ ಸಂಜೆ, ಪ್ರಮಾಣಪತ್ರಕ್ಕೆ ಸಹಿ ಹಾಕಿದ ವೈದ್ಯ ಗುಡ್ಡೆನ್ ಮತ್ತು ಲುಡ್ವಿಗ್, ಇಬ್ಬರೂ ಸ್ಟಾರ್ನ್‌ಬೆರ್ಗ್ ಸರೋವರದಲ್ಲಿ ಹೆಣವಾಗಿ ಸಿಕ್ಕರು. ಹೇಗೆ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ದೊರೆಗೆ ನಲವತ್ತು ವರ್ಷ.

ಏಳು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 1ರಂದು, ಕೋಟೆಯನ್ನು ಟಿಕೆಟ್ ಇಟ್ಟು ಜನಕ್ಕೆ ತೆರೆದರು. ‘ನೊಯ್‌ಶ್ವಾನ್‌ಸ್ಟೈನ್’ ಎಂಬ ಹೆಸರು ಬಂದದ್ದೂ ದೊರೆ ಸತ್ತ ಮೇಲೆ. ಟಿಕೆಟ್ ಹಣದಿಂದಲೇ 1899ರ ಹೊತ್ತಿಗೆ ಕಟ್ಟಡದ ಸಾಲ ತೀರಿತು. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಫ್ರಾನ್ಸಿನಿಂದ ದೋಚಿದ ಕಲಾಕೃತಿಗಳನ್ನು ಇಲ್ಲಿ ಬಚ್ಚಿಟ್ಟರು; 1945ರಲ್ಲಿ ಅಮೆರಿಕದ ಸೈನಿಕರು ಅವನ್ನು ಹೊರತೆಗೆದರು. 1968ರ ‘ಚಿಟ್ಟಿ ಚಿಟ್ಟಿ ಬ್ಯಾಂಗ್ ಬ್ಯಾಂಗ್’ ಸಿನಿಮಾದಲ್ಲಿ ಕೋಟೆಯೇ ಪಾತ್ರವಾಯಿತು. ಈಗ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. 2025ರ ಜುಲೈನಲ್ಲಿ ಯುನೆಸ್ಕೊ ಲುಡ್ವಿಗ್‌ನ ನಾಲ್ಕು ಅರಮನೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇದು ನಕಲು ಮಧ್ಯಯುಗ, ಅಗ್ಗದ ಕನಸು ಎಂದು ಮೂಗು ಮುರಿಯುತ್ತಿದ್ದ ಕಲಾ ಪಂಡಿತರು ಕಡಿಮೆಯಿರಲಿಲ್ಲ. ಯುನೆಸ್ಕೊದ ಮನ್ನಣೆ ತಡವಾಗಿ ಬಂತೆಂದೇ ನನ್ನ ಭಾವನೆ.

ಹೋಗುವವರಿಗೆ ದಾರಿ ಸುಲಭ. ಮ್ಯೂನಿಕ್‌ನಿಂದ ಫ್ಯೂಸೆನ್ ಪಟ್ಟಣಕ್ಕೆ ಸುಮಾರು ಎರಡು ಗಂಟೆಯ ರೈಲು, ಅಲ್ಲಿಂದ ಬಸ್ಸು. ಟಿಕೆಟ್ ಕೊಡುವುದು ಬೆಟ್ಟದ ಕೆಳಗೆ, ಊರಿನಲ್ಲಿ. ಒಳಗೆ ಬಿಡುವ ಗಂಟೆ ನಿಮಿಷ ಟಿಕೆಟ್ಟಿನಲ್ಲೇ ಇರುತ್ತದೆ, ತಡವಾದರೆ ಆ ಸರದಿ ತಪ್ಪಿಹೋಯಿತು. ಏರುಹಾದಿ ನಡೆದರೆ ಅರ್ಧ ಗಂಟೆಗೂ ಹೆಚ್ಚು, ಕುದುರೆ ಗಾಡಿಯೂ ಉಂಟು. ಒಳಗಿನ ಸುತ್ತಾಟ ಅರ್ಧ ಗಂಟೆ, ಮಾರ್ಗದರ್ಶಿಯ ಜೊತೆಯಲ್ಲಿಯೇ. ಫೋಟೊ ತೆಗೆಯುವಂತಿಲ್ಲ. ಹತ್ತಿ ಇಳಿಯುವ ಮೆಟ್ಟಿಲು 300ಕ್ಕೂ ಹೆಚ್ಚು. ಯೋಜನೆಯಲ್ಲಿದ್ದ 200ಕ್ಕೂ ಮಿಕ್ಕಿದ ಕೋಣೆಗಳಲ್ಲಿ ಪೂರ್ಣಗೊಂಡದ್ದು 15ರ ಆಸುಪಾಸು. ಪಂಚತಾರಾ ವೈಭವದ ನಿರೀಕ್ಷೆಯಲ್ಲಿ ಹೋದವರು ‘ಇಷ್ಟೇನಾ’ ಎನ್ನುವುದು ಅದಕ್ಕೇ.

ಎಲ್ಲರೂ ಮರಿಯೆನ್‌ಬ್ರುಕ್ಕೆ ಎಂಬ ಸೇತುವೆಗೆ ಓಡುತ್ತಾರೆ. ಕಮರಿಯ ಮೇಲೆ ತೂಗಿದಂತಿರುವ ಆ ಸೇತುವೆಯಿಂದಲೇ ಪೋಸ್ಟ್‌ಕಾರ್ಡಿನ ಕೋಟೆ ಕಾಣುವುದು. ಹೋಗಿ, ನೋಡಬೇಕಾದ್ದೇ. ಆದರೆ ಕೋಟೆಯ ಮೇಲಿನ ಅಂಗಳದಲ್ಲೂ ಐದು ನಿಮಿಷ ನಿಂತು ನೆಲ ನೋಡಿ. ಅಲ್ಲಿ 90 ಮೀಟರ್ ಎತ್ತರದ ಮಹಾಗೋಪುರ ಮತ್ತು ಪ್ರಾರ್ಥನಾ ಮಂದಿರ ಏಳಬೇಕಿತ್ತು. ಏಳಲಿಲ್ಲ. ಅದರ ತಳಪಾಯದ ರೇಖೆಯನ್ನು ನೆಲದ ಹಾಸುಗಲ್ಲಿನಲ್ಲಿ ಗುರುತು ಮಾಡಿದ್ದಾರೆ. ಸರದಿಯ ಗಡಿಬಿಡಿಯಲ್ಲಿ ಜನ ಅದರ ಮೇಲೆಯೇ ನಡೆದು ಹೋಗುತ್ತಾರೆ.

ಕಡೆಯದಾಗಿ ಒಂದು ಸಲಹೆ. ಹೆಚ್ಚಿನ ಪ್ರವಾಸಿ ಬಸ್ಸುಗಳು ಬಿಳಿ ಕೋಟೆಯನ್ನಷ್ಟೇ ತೋರಿಸಿ ಹಿಂತಿರುಗುತ್ತವೆ. ನೀವು ಹಾಗೆ ಮಾಡಬೇಡಿ. ಬೆಳಗ್ಗೆ ಮೊದಲು ಕೆಳಗಿನ ಹಳದಿ ಅರಮನೆಗೆ ಹೋಗಿ ಆ ಗೋಡೆಚಿತ್ರಗಳನ್ನು ನೋಡಿ, ಮಧ್ಯಾಹ್ನ ಮೇಲೆ ಹತ್ತಿ. ಎರಡಕ್ಕೂ ಬೇರೆ ಬೇರೆ ಟಿಕೆಟ್ ಬೇಕು; ಬೇಸಿಗೆಯಲ್ಲಾದರೆ ವಾರಗಳ ಮುಂಚೆಯೇ ಆನ್‌ಲೈನ್‌ನಲ್ಲಿ ಕಾಯ್ದಿರಿಸಿಕೊಳ್ಳಿ.